ಬಾದಾಮಿಗೆ ಹೊರಟಿರಾ? ಮೊದಲು ನೀರಿನ ಲೆಕ್ಕ ಹಾಕಿ

ಕಳೆದ ವರ್ಷ ಮೇ ತಿಂಗಳ ಒಂದು ಸೋಮವಾರ. ಬೆಳಿಗ್ಗೆ ನಾನು ಚಿಕಿತ್ಸಾಲಯದ ಬಾಗಿಲು ತೆರೆಯುವ ಮೊದಲೇ ಒಂದು ಕುಟುಂಬ ಮೆಟ್ಟಿಲ ಮೇಲೆ ಕಾದು ಕುಳಿತಿತ್ತು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ನಡುವೆ ಗೋಡೆಗೆ ಒರಗಿ ಕಣ್ಣು ಅರೆಮುಚ್ಚಿದ್ದ ಸುಮಾರು ಅರವತ್ತೈದರ ತಾಯಿ.

"ಡಾಕ್ಟ್ರೇ, ಅಮ್ಮ ರಾತ್ರಿಯಿಂದ ಏನೇನೋ ಮಾತಾಡ್ತಿದ್ದಾರೆ. ನನ್ನನ್ನ ಸೋದರಮಾವ ಅಂತ ತಿಳ್ಕೊಂಡಿದ್ದಾರೆ" ಎಂದರು ಮಗ. ಅವರ ದನಿಯಲ್ಲಿ ಭಯವಿತ್ತು. ಪಾರ್ಶ್ವವಾಯು ಬಡಿದಿರಬಹುದೆಂದು ಅವರು ಎಣಿಸಿದ್ದರು.

ನೋಡಿದೆ. ನಾಲಿಗೆ ಒಣಗಿ ಮರದ ತುಂಡಿನಂತಾಗಿತ್ತು. ನಾಡಿ ವೇಗವಾಗಿ ಓಡುತ್ತಿತ್ತು. ಎಂದೂ 140ಕ್ಕಿಂತ ಕೆಳಗಿಳಿಯದಿದ್ದ ರಕ್ತದೊತ್ತಡ 90ಕ್ಕೆ ಬಂದಿತ್ತು. ವಾರಾಂತ್ಯಕ್ಕೆ ಎಲ್ಲರೂ ಕಾರಿನಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಭಾನುವಾರ ರಾತ್ರಿ ಬೆಂಗಳೂರಿಗೆ ಮರಳಿದ್ದರು. ಸೊಸೆಯನ್ನು ಪಕ್ಕಕ್ಕೆ ಕರೆದು ವಿಚಾರಿಸಿದಾಗ ವಿಷಯ ಹೊರಬಿತ್ತು. ಅತ್ತೆಯವರು ಶುಕ್ರವಾರ ರಾತ್ರಿಯಿಂದಲೇ ನೀರು ಕುಡಿಯುವುದನ್ನು ಬಹಳ ಕಡಿಮೆ ಮಾಡಿದ್ದರು. "ದಾರಿಯಲ್ಲಿ ಎಲ್ಲಿಗೆ ಹೋಗೋದು? ಗಂಡಸರಿಗೇನು, ಮರದ ಮರೆ ಸಾಕು" ಎಂದಿದ್ದರಂತೆ. ಆದರೆ ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಎರಡೂ ದಿನ ತಪ್ಪದೆ ನುಂಗಿದ್ದರು. ಅದು ಮೂತ್ರ ಹೆಚ್ಚಿಸುವ ಔಷಧಿ ಬೆರೆತ ಮಾತ್ರೆ.

ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಇಳಿದಿತ್ತು, ಮೂತ್ರಪಿಂಡಗಳ ಕೆಲಸವೂ ಕುಂದಿತ್ತು. ಮೂರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಸರಿಪಡಿಸಿದ ಮೇಲೆ ಅವರು ಮಗನನ್ನು ಮಗನೆಂದೇ ಗುರುತಿಸಿದರು. ಆ ಮನೆಯವರು ಅವರನ್ನು ಅಲಕ್ಷ್ಯ ಮಾಡಿದವರಲ್ಲ. ಕಾರಿನ ಹಿಂದೆ ಎರಡು ಕ್ಯಾನ್ ನೀರು ತುಂಬಿಕೊಂಡೇ ಹೋಗಿದ್ದರು. ನೀರನ್ನು ಒಯ್ಯುವ ಯೋಜನೆ ಇತ್ತು. ಕುಡಿದ ನೀರನ್ನು ಎಲ್ಲಿ ಹೊರಹಾಕುವುದು ಎಂಬ ಯೋಜನೆ ಯಾರ ತಲೆಯಲ್ಲೂ ಇರಲಿಲ್ಲ.

ಮಕ್ಕಳಿಗೆ ರಜೆ ಬಿದ್ದಿದೆ. ಉತ್ತರ ಕರ್ನಾಟಕದ ಕಡೆ ಎರಡು-ಮೂರು ದಿನದ ಪ್ರವಾಸಕ್ಕೆ ನಿಮ್ಮ ಮನೆಯಲ್ಲೂ ಮಾತುಕತೆ ನಡೆದಿರಬಹುದು. ಚಳಿಗಾಲದಲ್ಲಿ ಹೋಗಿ ಎಂದು ಹೇಳುವುದು ವೈದ್ಯನಿಗೆ ಸುಲಭ. ಆದರೆ ಶಾಲೆಗೆ ರಜೆ ಸಿಗುವುದು ಏಪ್ರಿಲ್-ಮೇ ತಿಂಗಳಲ್ಲೇ ಎಂಬುದು ನನಗೂ ಗೊತ್ತು. ಆದ್ದರಿಂದ ಹೋಗುವುದಾದರೆ ಹೇಗೆ ಎಂದು ನೋಡೋಣ.

ಎರಡು ದಿನದ ದೇಹ, ಹದಿನೈದು ದಿನದ ಬಿಸಿಲು

ಬೆಂಗಳೂರು, ಮೈಸೂರು ಕಡೆಯವರು ಬಿಸಿಲು ಎಂದು ಕರೆಯುವುದಕ್ಕೂ ಬಾಗಲಕೋಟೆ, ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಬಿಸಿಲಿಗೂ ಹೋಲಿಕೆಯಿಲ್ಲ. ಅಲ್ಲಿ 40 ಡಿಗ್ರಿ ಸೆಲ್ಸಿಯಸ್ ಎಂಬುದು ಸುದ್ದಿಯೇ ಅಲ್ಲ. ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಆದೇಶ ಹೊರಡುವುದನ್ನು ಪತ್ರಿಕೆಯಲ್ಲಿ ನೀವೂ ಓದಿರುತ್ತೀರಿ. ಗುಮಾಸ್ತರೇ ಮನೆಗೆ ಹೊರಡುವ ಹೊತ್ತಿನಲ್ಲಿ ನಾವು ಮಕ್ಕಳ ಕೈ ಹಿಡಿದು ಗುಹೆಯ ಮೆಟ್ಟಿಲು ಹತ್ತುತ್ತಿರುತ್ತೇವೆ.

ಬಿಸಿಲಿಗೆ ದೇಹ ಒಗ್ಗಿಕೊಳ್ಳುವುದು ನಿಜ. ಹೆಚ್ಚು ಬೆವರುವುದು, ಬೆವರಿನಲ್ಲಿ ಕಡಿಮೆ ಉಪ್ಪು ಬಿಡುವುದು, ರಕ್ತದ ದ್ರವಾಂಶವನ್ನು ಹೆಚ್ಚಿಸಿಕೊಳ್ಳುವುದು, ಇವನ್ನೆಲ್ಲ ದೇಹ ತಾನಾಗಿ ಕಲಿಯುತ್ತದೆ. ಆದರೆ ಅದಕ್ಕೆ ಒಂದರಿಂದ ಎರಡು ವಾರ ಬೇಕು. ವಾರಾಂತ್ಯದ ಪ್ರವಾಸಿಗೆ ಆ ಅವಕಾಶವೇ ಇಲ್ಲ. ದೇಹ ಪಾಠ ಶುರುಮಾಡುವಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ. ಅಲ್ಲಿಯ ರೈತ ತಲೆಗೆ ರುಮಾಲು ಸುತ್ತಿ ನಸುಕಿನಲ್ಲೇ ಹೊಲಕ್ಕೆ ಹೋಗಿ ಹನ್ನೊಂದಕ್ಕೆ ಮರದ ನೆರಳು ಸೇರುತ್ತಾನೆ. ಒಗ್ಗಿಕೊಂಡ ದೇಹದವನೇ ಹೀಗೆ ಎಚ್ಚರದಿಂದಿದ್ದರೆ ನಾವು ಹೇಗಿರಬೇಕು ಎಂದು ಯೋಚಿಸಿ.

ಇನ್ನೊಂದು ಮೋಸವಿದೆ. ಮಂಗಳೂರಿನ ಸೆಕೆಯಲ್ಲಿ ಬೆವರು ಮೈಯಿಂದ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಹುಟ್ಟುತ್ತಲೇ ಆರಿಹೋಗುತ್ತದೆ. "ನನಗೆ ಬೆವರೇ ಬರಲಿಲ್ಲ" ಎನ್ನುವವರ ಅಂಗಿಯ ಬೆನ್ನಿನ ಮೇಲೆ ಸಂಜೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಬಿಸಿಲಿನಲ್ಲಿ ನಡೆಯುವವರು ಗಂಟೆಗೆ ಒಂದು ಲೀಟರಿನವರೆಗೂ ಬೆವರಬಹುದು. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವೇ ಮಂದವಾಗಿರುತ್ತದೆ. ಅವರು ಬೇಡವೆಂದರೆ ಅದು ದೇಹಕ್ಕೆ ಬೇಡವೆಂದಲ್ಲ.

ದಾರಿ ಗುರುತು ಹಾಕುವಾಗ

ಬೆಂಗಳೂರಿನಿಂದ ಬಾದಾಮಿಗೆ ಸುಮಾರು 450 ಕಿಲೋಮೀಟರು. ಒಂದೇ ಓಟಕ್ಕೆ ಹೋಗಬಹುದು, ಹಲವರು ಹೋಗುತ್ತಾರೆ. ಶುಕ್ರವಾರ ಕಚೇರಿ ಮುಗಿಸಿ, ಊಟ ಮಾಡಿ, ರಾತ್ರಿ ಹತ್ತಕ್ಕೆ ಹೊರಟು ಬೆಳಗಾಗುವಷ್ಟರಲ್ಲಿ ತಲುಪುವುದು ನಮ್ಮವರಿಗೆ ಪ್ರಿಯವಾದ ಲೆಕ್ಕ. ಒಂದು ಹಗಲು ಉಳಿಯುತ್ತದೆ, ಹೋಟೆಲಿನ ಒಂದು ರಾತ್ರಿಯ ಬಾಡಿಗೆಯೂ ಉಳಿಯುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟ ಲೆಕ್ಕವಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿ ಹನ್ನೊಂದಕ್ಕೆ 17 ಗಂಟೆ ಎಚ್ಚರವಿದ್ದಂತಾಯಿತು. ಅಷ್ಟು ಹೊತ್ತು ನಿದ್ದೆಯಿಲ್ಲದವರ ಕೈಚುರುಕು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು ಪ್ರಯೋಗಗಳು ತೋರಿಸಿವೆ. ವಾಹನ ಓಡಿಸುವವರಿಗೆ ನಮ್ಮ ಕಾನೂನು ಇಟ್ಟಿರುವ ಮಿತಿ 0.03. ಒಂದು ತೊಟ್ಟೂ ಕುಡಿಯದ ಗೃಹಸ್ಥರು ಕುಡಿದವರಿಗಿಂತ ಮಂಕಾಗಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಸಾಗುತ್ತಿರುತ್ತಾರೆ. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಿದ್ದೆ ತಾನಾಗಿ ಮುತ್ತಿಗೆ ಹಾಕುವ ಹೊತ್ತು. ಹಾಡು ಹಾಕುವುದು, ಕಿಟಕಿ ಇಳಿಸುವುದು, ಮುಖಕ್ಕೆ ನೀರು ಚಿಮುಕಿಸುವುದು, ಇವು ಯಾವುವೂ ಅದನ್ನು ತಡೆಯಲಾರವು. ಕಣ್ಣು ಎಳೆದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗುವುದೇ ಮದ್ದು.

ಬದಲಿಗೆ ಹೀಗೆ ಮಾಡಿ. ಶುಕ್ರವಾರ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಹೊರಟು ಚಿತ್ರದುರ್ಗದಲ್ಲೋ ಹೊಸಪೇಟೆಯಲ್ಲೋ ರಾತ್ರಿ ತಂಗಿರಿ. ಶನಿವಾರ ಬೆಳಿಗ್ಗೆ ಐದಕ್ಕೆ ಹೊಸಪೇಟೆ ಬಿಟ್ಟರೆ ಕುಷ್ಟಗಿ, ಇಳಕಲ್ಲು ಮಾರ್ಗವಾಗಿ ತಂಪು ಹೊತ್ತಿನಲ್ಲೇ ಬಾದಾಮಿ ಸೇರಬಹುದು. ಹನ್ನೊಂದರೊಳಗೆ ಗುಹೆಗಳನ್ನು ನೋಡಿ ಮುಗಿಸಿ. ಹನ್ನೊಂದರಿಂದ ನಾಲ್ಕರವರೆಗೆ ಎಲ್ಲಿಗೂ ಹೋಗಬೇಡಿ. ಕೋಣೆಯಲ್ಲಿ ಸ್ನಾನ, ಊಟ, ನಿದ್ದೆ. "ಇಷ್ಟು ದೂರ ಬಂದು ಮಲಗುವುದೇ?" ಎಂದು ಗೊಣಗುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಮಲಗಿ ಎಂದೇ ಹೇಳುತ್ತೇನೆ. ಬಾದಾಮಿ ಊರು ಕೆಂಪು ಮರಳುಗಲ್ಲಿನ ಎರಡು ಗುಡ್ಡಗಳ ನಡುವೆ ಕುಳಿತಿದೆ. ಹಗಲಿಡೀ ಕಾದ ಆ ಬಂಡೆಗಳು ಸಂಜೆಯಾದ ಮೇಲೂ ಬಿಸಿ ಉಗುಳುತ್ತಿರುತ್ತವೆ. ಸಂಜೆ ಅಗಸ್ತ್ಯ ತೀರ್ಥದ ದಂಡೆ, ಭೂತನಾಥ ದೇವಾಲಯದ ಕಡೆ ನಿಧಾನವಾಗಿ ನಡೆಯಬಹುದು.

ಮರುದಿನ ಬೆಳಿಗ್ಗೆ ಬೇಗ ಪಟ್ಟದಕಲ್ಲು. ಬಾದಾಮಿಯಿಂದ ಇಪ್ಪತ್ತೆರಡು ಕಿಲೋಮೀಟರಷ್ಟೇ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ದೇವಾಲಯಗಳ ಸಮೂಹ ಬಯಲಿನಲ್ಲಿದೆ, ನೆರಳು ಕಡಿಮೆ. ಅಲ್ಲಿಂದ ಐಹೊಳೆ ಹತ್ತಿರವೇ. ಗುಡಿಗಳು ತೆರೆಯುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಬಾಗಿಲು ಮುಂದೆ ಬಿಸಿಲಲ್ಲಿ ಕಾಯುವುದು ತಪ್ಪುತ್ತದೆ. ವಿಜಯಪುರದ ಗೋಳಗುಮ್ಮಟವನ್ನೂ ಇದೇ ಎರಡು ದಿನದಲ್ಲಿ ತುರುಕಬೇಡಿ. ಕತ್ತಲ ಗೋಪುರದೊಳಗಿನ ಕಡಿದಾದ ಮೆಟ್ಟಿಲುಗಳನ್ನು ಮೇ ತಿಂಗಳ ಮಧ್ಯಾಹ್ನ ಹತ್ತುವುದು ಹೃದ್ರೋಗಿಗಳಿಗೆ ತಕ್ಕದ್ದಲ್ಲ. ಪಿಸುಗುಟ್ಟುವ ಗ್ಯಾಲರಿ ಡಿಸೆಂಬರಿನಲ್ಲೂ ಪಿಸುಗುಟ್ಟುತ್ತದೆ.

ಇನ್ನು ಮುಖ್ಯ ವಿಷಯ. ಪ್ರತಿ ಎರಡು ಗಂಟೆಗೊಮ್ಮೆ ನಿಲ್ಲುವ ಜಾಗವನ್ನು ಮೊದಲೇ ಗುರುತು ಮಾಡಿಕೊಳ್ಳಿ. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು ಉಚಿತವಾಗಿ ಇರಬೇಕೆಂಬ ನಿಯಮವಿದೆ. ಕೇಳಲು ಸಂಕೋಚ ಬೇಡ. ಬೀಗ ಹಾಕಿದ್ದರೆ ಕೀಲಿ ಕೇಳಿ. ಒಂದು ಮಗ್ಗು, ಸೋಪು, ಕಾಗದ, ಒಂದು ಬಾಟಲಿ ಬಳಕೆಯ ನೀರು ಚೀಲದಲ್ಲಿರಲಿ. ಗಾಡಿ ಓಡಿಸುವ ಮಗನಿಗೆ ಅಥವಾ ಅಳಿಯನಿಗೆ ಒಂದು ಮಾತು: "ಯಾರಿಗಾದರೂ ಹೋಗಬೇಕಾ?" ಎಂದು ಕೇಳಬೇಡಿ. ಕೇಳಿದರೆ ತಾಯಿಯೂ ಅತ್ತೆಯೂ "ನನಗೇನೂ ಬೇಡಪ್ಪ" ಎಂದೇ ಹೇಳುತ್ತಾರೆ. ಕೇಳದೆ ನಿಲ್ಲಿಸಿ, ನೀವೇ ಮೊದಲು ಇಳಿಯಿರಿ. ನೀರು ಬಿಟ್ಟು ಮೂತ್ರ ತಡೆದು ಕೂರುವ ಹೆಣ್ಣುಮಕ್ಕಳಿಗೆ ಊರಿಗೆ ಬಂದ ಮೇಲೆ ಉರಿಮೂತ್ರ, ಜ್ವರ ಶುರುವಾಗುವುದನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತಿದ್ದೇನೆ.

ಎಷ್ಟು ನೀರು, ಎಂಥ ನೀರು

ಲೀಟರುಗಳ ಲೆಕ್ಕಕ್ಕಿಂತ ಮೂತ್ರದ ಬಣ್ಣ ಒಳ್ಳೆಯ ಸಾಕ್ಷಿ. ತೆಳು ಹುಲ್ಲಿನ ಬಣ್ಣವಿದ್ದರೆ ಸರಿ. ಗಾಢ ಹಳದಿಯಾಗಿ ಡಿಕಾಕ್ಷನ್ ಕಡೆಗೆ ತಿರುಗಿದರೆ, ಅಥವಾ ಐದಾರು ಗಂಟೆ ಮೂತ್ರವೇ ಬರದಿದ್ದರೆ ನೀರು ಸಾಲದು. ಒಮ್ಮೆಲೇ ಒಂದು ಬಾಟಲಿ ಮುಗಿಸುವುದಕ್ಕಿಂತ ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧ ಲೋಟ ಕುಡಿಯುವುದು ಮೇಲು. ಹೃದಯದ, ಮೂತ್ರಪಿಂಡದ ತೊಂದರೆಗಾಗಿ ನೀರು ಇಷ್ಟೇ ಎಂದು ಮಿತಿ ಹಾಕಿಸಿಕೊಂಡವರು ಮಾತ್ರ ಹೊರಡುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು.

ಆರೋಗ್ಯವಂತರಿಗೆ ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಸಾಕು. ಚಕ್ಕರ್ ಬಂದವರಿಗೆ, ವಾಂತಿ-ಭೇದಿಯಾದವರಿಗೆ ಓ.ಆರ್.ಎಸ್. ಪೊಟ್ಟಣ ಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದಾಗ ಡಾ. ದಿಲೀಪ್ ಮಹಲನೋಬಿಸ್ ಇದೇ ಉಪ್ಪು-ಸಕ್ಕರೆಯ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಿ ಕಾಲರಾ ರೋಗಿಗಳನ್ನು ಬದುಕಿಸಿದರು. ಇಂದಿನ ದೊಡ್ಡ ಪೊಟ್ಟಣದಲ್ಲಿ 20.5 ಗ್ರಾಂ ಪುಡಿಯಿರುತ್ತದೆ. ಪೂರಾ ಪೊಟ್ಟಣವನ್ನು ಪೂರಾ ಒಂದು ಲೀಟರು ನೀರಿಗೆ ಹಾಕಬೇಕು. ಅರ್ಧ ಲೋಟಕ್ಕೆ ಸುರಿದು ಗಟ್ಟಿಯಾಗಿ ಕೊಟ್ಟರೆ ಮಗುವಿಗೆ ಅಪಾಯ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂಗಡಿಯಲ್ಲಿ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯಗಳನ್ನು ಇದಕ್ಕೆ ಬದಲಿಯೆಂದು ಕೊಡಬೇಡಿ. ಸೂತ್ರಕ್ಕೆ ಹೊಂದದ ಪಾನೀಯಗಳು ಓ.ಆರ್.ಎಸ್. ಎಂಬ ಹೆಸರು ಹಾಕಿಕೊಳ್ಳಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶ ಮಾಡಿದ್ದು ಇದೇ ಕಾರಣಕ್ಕೆ.

ಮಾತ್ರೆಗಳ ವಿಷಯ. ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ರಕ್ತದೊತ್ತಡದ ಮಾತ್ರೆ, ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುವ ಹೊಸ ಬಗೆಯ ಮಧುಮೇಹದ ಮಾತ್ರೆ, ಇವು ಬಿಸಿಲಿನಲ್ಲಿ ದೇಹವನ್ನು ಇನ್ನಷ್ಟು ಒಣಗಿಸಬಲ್ಲವು. ಹಾಗೆಂದು ನೀವಾಗಿ ನಿಲ್ಲಿಸಬೇಡಿ. ಪ್ರವಾಸಕ್ಕೆ ವಾರ ಮೊದಲು ಚೀಟಿ ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ, "ಇಂಥ ಕಡೆ ಹೋಗುತ್ತಿದ್ದೇನೆ" ಎಂದು ಹೇಳಿ. ಬದಲಾವಣೆ ಬೇಕಿದ್ದರೆ ಅವರು ಮಾಡುತ್ತಾರೆ. ನೆಗಡಿಯ ಮಾತ್ರೆ, ಪ್ರಯಾಣದ ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ನಿದ್ದೆ ತರಿಸುತ್ತವೆ, ಕೆಲವು ಬೆವರನ್ನೂ ತಗ್ಗಿಸುತ್ತವೆ. ಚಾಲಕರು ಅವನ್ನು ಮುಟ್ಟಬಾರದು. ಇನ್ಸುಲಿನ್ ಬಾಟಲಿಯನ್ನು ಕಾರಿನ ಮುಂದಿನ ಖಾನೆಯಲ್ಲಿ ಇಟ್ಟರೆ ಅದು ಕೆಟ್ಟು ಬರೀ ನೀರಿಗೆ ಸಮವಾಗಬಹುದು. ಅಗಲ ಬಾಯಿಯ ಥರ್ಮಾಸ್‌ನಲ್ಲಿ, ಮಂಜುಗಡ್ಡೆಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಇಟ್ಟು, ಇಳಿದಲ್ಲೆಲ್ಲ ಜೊತೆಗೇ ಒಯ್ಯಿರಿ.

ಮಧುಮೇಹಿಗಳಿಗೆ ಇನ್ನೂ ಒಂದು ಎಚ್ಚರಿಕೆ. ಇದನ್ನು ಯಾರೂ ಹೇಳುವುದಿಲ್ಲ. ಬನಶಂಕರಿಯಲ್ಲಿ, ಮಹಾಕೂಟದಲ್ಲಿ, ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯಲ್ಲಿ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಕಾದ ಹಾಸುಗಲ್ಲಿನ ಮೇಲೆ ಮಕ್ಕಳು ಕುಣಿಯುತ್ತ ಓಡುತ್ತಾರೆ. ಪಾದದ ಸ್ಪರ್ಶಜ್ಞಾನ ಕುಂದಿದ ಸಕ್ಕರೆ ಕಾಯಿಲೆಯವರು ಮಾತ್ರ ಶಾಂತವಾಗಿ ಪ್ರದಕ್ಷಿಣೆ ಹಾಕುತ್ತಾರೆ. ರಾತ್ರಿ ಅಂಗಾಲು ನೋಡಿಕೊಂಡರೆ ಗುಳ್ಳೆ. ಅಲಕ್ಷಿಸಿದರೆ ಹುಣ್ಣು, ಕೀವು, ಕೊನೆಗೆ ಬೆರಳು ಕತ್ತರಿಸುವ ಮಾತು. ಬೆಳಿಗ್ಗೆ ಕಲ್ಲು ತಣ್ಣಗಿರುವಾಗಲೇ ದರ್ಶನ ಮುಗಿಸಿ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಪ್ರತಿ ರಾತ್ರಿ ಅಂಗಾಲನ್ನು ಬೆಳಕಿನಲ್ಲಿ ಇನ್ನೊಬ್ಬರಿಗೆ ತೋರಿಸಿ.

ಊಟ, ಕೋತಿ, ಚೇಳು

ಊಟದ ಬಗ್ಗೆ ನನ್ನದು ಉದಾರ ನೀತಿ. ಬನಶಂಕರಿ ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ತಂದು ಬಡಿಸುವ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಕುಡಿಕೆಯ ಮೊಸರನ್ನು ಬಿಟ್ಟು ಬರುವುದು ಅನ್ಯಾಯ. ಒಣಗಿದ ರೊಟ್ಟಿಯಲ್ಲಿ ರೋಗಾಣುಗಳಿಗೆ ಬೆಳೆಯಲು ತೇವವಿಲ್ಲ. ಮೊಸರಿನ ಹುಳಿಯೂ ಅವುಗಳಿಗೆ ಒಗ್ಗದು. ಬೆಳಿಗ್ಗೆಯ ಪಲ್ಯವನ್ನು ಮಧ್ಯಾಹ್ನದ ಮೇಲೆ ತಿನ್ನಬೇಡಿ, ಅಷ್ಟೆ. ಹೆದರಬೇಕಾದದ್ದು ಕತ್ತರಿಸಿಟ್ಟ ಕಲ್ಲಂಗಡಿಗೆ, ಕಬ್ಬಿನ ಹಾಲಿಗೆ ಹಾಕುವ ಮಂಜುಗಡ್ಡೆಗೆ, ಮನೆಯಿಂದ ಕಟ್ಟಿಕೊಂಡು ಬಂದು ಕಾರಿನಲ್ಲಿ ಆರು ಗಂಟೆ ಬೆಂದ ಪುಳಿಯೋಗರೆಗೆ.

ಬಾದಾಮಿ ಗುಹೆಗಳ ಬಳಿ ಕೋತಿಗಳ ಹಾವಳಿ ಹೆಚ್ಚು. ಮಕ್ಕಳ ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಚೀಲ ಇರಬಾರದು. ಕಚ್ಚಿದರೆ ಅಥವಾ ಪರಚಿ ರಕ್ತ ಬಂದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಆರಂಭಿಸಿ. ಸುಣ್ಣ, ಅರಿಶಿನ ಮೆತ್ತಬೇಡಿ.

ಬೇಸಿಗೆಯಲ್ಲಿ ಚೇಳುಗಳು ತಂಪು ಹುಡುಕಿ ಮನೆ ಸೇರುತ್ತವೆ. ಬೆಳಿಗ್ಗೆ ಬೂಟು ಕೊಡವಿ ಹಾಕಿಕೊಳ್ಳಿ. ಚೇಳು ಕಡಿದ ಮಗು ವಿಪರೀತ ಬೆವರಿ, ಕೈಕಾಲು ತಣ್ಣಗಾಗಿ, ವಾಂತಿ ಮಾಡಿದರೆ ಒಂದು ನಿಮಿಷವನ್ನೂ ಮಂತ್ರ-ತಂತ್ರದಲ್ಲಿ ಕಳೆಯಬೇಡಿ. ಪ್ರಜೋಸಿನ್ ಎಂಬ ಸಾಧಾರಣ ಮಾತ್ರೆಯಿಂದ ಇಂಥ ಮಕ್ಕಳನ್ನು ಉಳಿಸಬಹುದೆಂದು ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಅದನ್ನು ಕೊಡಬೇಕಾದವರು ವೈದ್ಯರು.

ಬಿಸಿಲು ಬಡಿದಾಗ

ಬಿಸಿಲಿನ ಬಳಲಿಕೆಯೇ ಬೇರೆ, ಬಿಸಿಲ ಹೊಡೆತವೇ ಬೇರೆ. ಮೊದಲನೆಯದರಲ್ಲಿ ತಲೆನೋವು, ವಾಕರಿಕೆ, ಸುಸ್ತು, ಕಾಲುಸೆಡೆತ ಇರುತ್ತವೆ. ಆದರೆ ಮಾತು ಸ್ಪಷ್ಟವಾಗಿರುತ್ತದೆ. ನೆರಳಿನಲ್ಲಿ ಮಲಗಿಸಿ ಕಾಲು ಎತ್ತರಿಸಿ ಪಾನಕ ಕೊಟ್ಟರೆ ಅರ್ಧ ಗಂಟೆಯಲ್ಲಿ ಚೇತರಿಸುತ್ತಾರೆ. ಎರಡನೆಯದರಲ್ಲಿ ಮೈ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿ ಮಿದುಳು ಕೆಡುತ್ತದೆ. ತೊದಲು, ಅಸಂಬದ್ಧ ಮಾತು, ತೂರಾಟ, ಫಿಟ್ಸ್, ಪ್ರಜ್ಞೆ ತಪ್ಪುವುದು. ಬೆವರು ನಿಂತಿರಲೇಬೇಕೆಂದಿಲ್ಲ, ಬೆವರುತ್ತಿದ್ದರೂ ಬಿಸಿಲ ಹೊಡೆತವಾಗಿರಬಹುದು. ಬಿಸಿಲಿನಲ್ಲಿದ್ದವರ ಮಾತು ತಪ್ಪಿತೆಂದರೆ ಅದು ಬಿಸಿಲ ಹೊಡೆತವೇ ಎಂದು ತಿಳಿದು ಕೆಲಸ ಶುರುಮಾಡಿ.

108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ವಾಹನ ಬರುವವರೆಗೆ ಕೈಕಟ್ಟಿ ಕೂರಬೇಡಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಕಾರಿನಲ್ಲಿರುವ ಕ್ಯಾನಿನ ನೀರನ್ನು ತಲೆಯಿಂದ ಕಾಲಿನವರೆಗೆ ಸುರಿಯಿರಿ. ಟವೆಲಿನಿಂದ, ರಟ್ಟಿನಿಂದ ಜೋರಾಗಿ ಗಾಳಿ ಹಾಕಿ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಿ. ಅರ್ಧ ಪ್ರಜ್ಞೆಯಲ್ಲಿರುವವರ ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡದು. ದಾರಿಯುದ್ದಕ್ಕೂ ತಣಿಸುತ್ತಲೇ ಆಸ್ಪತ್ರೆ ಸೇರಿಸಿ. ಜೀವ ಉಳಿಯುವುದೂ ಹೋಗುವುದೂ ಮೊದಲ ಅರ್ಧ ಗಂಟೆಯ ತಣಿಸುವಿಕೆಯಲ್ಲೇ.

ನಿಂತ ಕಾರಿನಲ್ಲಿ ಮಗುವನ್ನು ಐದು ನಿಮಿಷಕ್ಕೂ ಬಿಡಬೇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಶಾಖ ಏರಬಹುದು. ಕಿಟಕಿಯನ್ನು ನಾಲ್ಕು ಬೆರಳು ಇಳಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. ಮಲಗಿದೆ, ಎಬ್ಬಿಸುವುದೇಕೆ ಎಂಬ ಕನಿಕರವೇ ಇಲ್ಲಿ ಅಪಾಯ. ಎಬ್ಬಿಸಿ, ಎತ್ತಿಕೊಂಡೇ ಹೋಗಿ.

ಮೊದಲು ಹೇಳಿದ ತಾಯಿ ಡಿಸೆಂಬರಿನಲ್ಲಿ ಮತ್ತೆ ಬಾದಾಮಿಗೆ ಹೋಗಿಬಂದರು, ಬೇಸಿಗೆಯಲ್ಲಿ ಬಿಟ್ಟುಹೋದ ಮಹಾಕೂಟ ನೋಡಬೇಕೆಂದು. ಮಗ ದಾರಿಯಲ್ಲಿ ಐದು ಕಡೆ ಕಾರು ನಿಲ್ಲಿಸಿದನಂತೆ, ಒಂದು ಸಲವೂ ಕೇಳಲಿಲ್ಲವಂತೆ. ರಕ್ತದೊತ್ತಡ ತೋರಿಸಲು ಬಂದಾಗ ಅಮೀನಗಡದ ಕರದಂಟಿನ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಒತ್ತಡ ಅಂದು 136 ಇತ್ತು.